ಬಸ್ಸಿನಲ್ಲೇ ಮಂಗಳೂರು: ಗದ್ದಲವಿಲ್ಲದ ಜಾಗ ಬೇಕಾದರೆ ಯಾವ ಕಡೆ ಹೋಗಬೇಕು?

ಗಾಡಿ ಇಲ್ಲ, ಅರ್ಧ ದಿನ ಬಿಡುವು ಇದೆ, ಪಣಂಬೂರು ಬೀಚಿನ ಜನಜಂಗುಳಿ ಬೇಡ. ಮಂಗಳೂರಿಗೆ ಓದಲು ಬಂದವರು, ಕೆಲಸಕ್ಕೆ ಬಂದು ಪಿಜಿಯಲ್ಲಿ ಇರುವವರು, ಎರಡು ದಿನಕ್ಕೆಂದು ಬಂದ ನೆಂಟರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇದನ್ನೇ. ತಣ್ಣೀರುಬಾವಿಗೆ ಹೋಗಲಾ, ಸುರತ್ಕಲ್‌ಗಾ, ಸೋಮೇಶ್ವರಕ್ಕಾ? ಇಲ್ಲ, ಕಡಲ ಸಹವಾಸವೇ ಬೇಡ ಅಂತ ಕದ್ರಿ, ಪಿಲಿಕುಳ ನೋಡಲಾ?

ಊರಿನ ಬೀಚುಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ಹೆಚ್ಚಿನವು ಕಾರು, ಬೈಕು ಇರುವವರಿಗೆ ಬರೆದವು. ಬಸ್ಸಿನವರ ಲೆಕ್ಕ ಬೇರೆ. ಹದಿನೇಳು ಕಿಲೋಮೀಟರ್ ದೂರದ ಸುರತ್ಕಲ್ ನಮಗೆ ಸಲೀಸು. ನಾಲ್ಕು ಕಿಲೋಮೀಟರ್ ಆಚೆ ಹೊಳೆಯ ಎದುರು ದಡದಲ್ಲಿ ಕಾಣುವ ಜಾಗಕ್ಕೆ ದೋಣಿಯ ಸಮಯ ನೋಡಿಕೊಂಡು ಹೋಗಬೇಕು. ಹಾಗಾಗಿ ಕಿಲೋಮೀಟರ್ ಲೆಕ್ಕವನ್ನು ಮೊದಲು ಬದಿಗಿಡಿ.

ಯಾವುದನ್ನು ನೋಡಿ ಆರಿಸಬೇಕು

ನಾನು ಎಲ್ಲಕ್ಕಿಂತ ಮೊದಲು ನೋಡುವುದು ವಾಪಸ್ ಬರುವ ಬಸ್. ಹೋಗುವಾಗ ಯಾರಾದರೂ ಹೋಗುತ್ತಾರೆ. ಸೂರ್ಯ ಮುಳುಗಿ, ಕತ್ತಲಾಗಿ, ಕಾಲಿಗೆ ಮರಳು ಮೆತ್ತಿಕೊಂಡು ಸ್ಟಾಪಿನಲ್ಲಿ ನಿಂತಾಗ ಬಸ್ ಬರುತ್ತದಾ? ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವು. ಹಗಲಿನಲ್ಲಿ ಒಂದರ ಹಿಂದೆ ಒಂದು ಬರುತ್ತವೆ. ರಾತ್ರಿ ಎಂಟು ದಾಟಿದ ಮೇಲೆ ಕಡಿಮೆಯಾಗುತ್ತವೆ, ಒಳದಾರಿಗಳಲ್ಲಂತೂ ಇನ್ನೂ ಕಡಿಮೆ. ಭಾನುವಾರ ಬಸ್ಸು ಕಡಿಮೆ, ಬೀಚಿನಲ್ಲಿ ಜನ ಜಾಸ್ತಿ. ಮೌನ ಹುಡುಕುವವರಿಗೆ ಎರಡೂ ಕಡೆಯಿಂದ ನಷ್ಟ.

ಎರಡನೆಯದು, ಬಸ್ ಇಳಿದ ಮೇಲಿನ ನಡಿಗೆ. ಐದು ನಿಮಿಷವಾ, ಅರ್ಧ ಗಂಟೆಯಾ, ಅಥವಾ ಆಟೋ ಹಿಡಿಯಲೇಬೇಕಾ? ಖರ್ಚಿನ ಲೆಕ್ಕ ಬದಲಾಗುವುದು ಇಲ್ಲೇ. ನಗರದೊಳಗಿನ ಈ ಯಾವ ಜಾಗಕ್ಕೂ ಒಬ್ಬರ ಬಸ್ ಟಿಕೆಟ್ಟು, ಹೋಗಿ ಬರುವುದು ಸೇರಿ, ನೂರು ರೂಪಾಯಿ ದಾಟುವುದಿಲ್ಲ. ಆಟೋ ಬೇಕಾಯಿತು ಅಂದರೆ ಆ ಒಂದೆರಡು ಕಿಲೋಮೀಟರಿಗೆ ಇಡೀ ದಿನದ ಬಸ್ ಖರ್ಚಿಗಿಂತ ಹೆಚ್ಚು ಹೋಗಬಹುದು.

ಮೂರನೆಯದು ಹೊತ್ತು. ನಮ್ಮದು ಪಡುವಣ ಕಡಲು. ಜನ ಬರುವುದೇ ಸೂರ್ಯ ಮುಳುಗುವುದನ್ನು ನೋಡಲು. ಸಂಜೆ ಐದರಿಂದ ಏಳು ಗಂಟೆವರೆಗೆ ಹೆಸರಿರುವ ಬೀಚುಗಳಲ್ಲೆಲ್ಲ ಜನ ಇದ್ದೇ ಇರುತ್ತಾರೆ. ಅದೇ ಜಾಗಗಳು ವಾರದ ದಿನ ಬೆಳಿಗ್ಗೆ ಏಳಕ್ಕೆ ಖಾಲಿ. ಬೆಳಗಿನ ಬಿಸಿಲು ಬೆನ್ನ ಹಿಂದಿನಿಂದ ಬಂದು ನೀರಿನ ಮೇಲೆ ಬೀಳುತ್ತದೆ, ಕಣ್ಣಿಗೆ ಚುಚ್ಚುವುದಿಲ್ಲ. ಅದೃಷ್ಟವಿದ್ದರೆ ದಡದಲ್ಲಿ ಕೈರಂಪಣಿ ಬಲೆ ಎಳೆಯುವುದೂ ನೋಡಲು ಸಿಗುತ್ತದೆ.

ಕೊನೆಯದಾಗಿ ನೆರಳು, ಕುಡಿಯುವ ನೀರು, ಟಾಯ್ಲೆಟ್ಟು. ಜನ ಕಡಿಮೆ ಇರುವ ಕಡೆ ಇವೂ ಕಡಿಮೆ. ಜೀವರಕ್ಷಕರೂ ಎಲ್ಲ ಕಡೆ ಇರುವುದಿಲ್ಲ. ಈಜಬೇಕು, ಮಕ್ಕಳನ್ನು ನೀರಿಗೆ ಬಿಡಬೇಕು ಅನ್ನುವವರು ಗದ್ದಲ ಇದ್ದರೂ ಪಣಂಬೂರಿಗೇ ಹೋಗುವುದು ಒಳ್ಳೆಯದು. ಮುಂದೆ ಹೇಳುವ ಬೀಚುಗಳೆಲ್ಲ ನಡೆಯಲು, ಕೂರಲು, ನೋಡಲು ಮಾತ್ರ.

ಬಸ್ಸಿನ ಬಗ್ಗೆ ಎರಡು ಮಾತು

ಎಲ್ಲ ದಾರಿಗಳೂ ಶುರುವಾಗುವುದು ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ. ಹಂಪನಕಟ್ಟೆಯಿಂದ ಕೆಳಗಿಳಿದರೆ ಸಿಗುತ್ತದೆ. ಮಂಗಳೂರು ಸೆಂಟ್ರಲ್ ರೈಲು ನಿಲ್ದಾಣದಿಂದ ನಡೆದೇ ಬರಬಹುದು. ಜಂಕ್ಷನ್‌ನಲ್ಲಿ ರೈಲು ಇಳಿದವರು ಮಾತ್ರ ಬಸ್ಸೋ ಆಟೋವೋ ಹಿಡಿಯಬೇಕು, ಅದು ಪಡೀಲ್ ಕಡೆ ಇದೆ. ಕೆಎಸ್‌ಆರ್‌ಟಿಸಿ ನಿಲ್ದಾಣ ಇರುವುದು ಬಿಜೈಯಲ್ಲಿ, ಅದೂ ಬೇರೆ.

ಹೊರಗಿನಿಂದ ಬರುವ ಹೆಣ್ಣುಮಕ್ಕಳಿಗೆ ಒಂದು ಎಚ್ಚರಿಕೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ಇಲ್ಲಿನ ಖಾಸಗಿ ಸಿಟಿ ಬಸ್ಸುಗಳಲ್ಲಿ ಎಲ್ಲರಿಗೂ ಟಿಕೆಟ್. ಸರ್ಕಾರದ ಸಿಟಿ ಬಸ್ಸುಗಳೂ ಓಡುತ್ತವೆ, ಆದರೆ ಕೆಲವೇ ದಾರಿಗಳಲ್ಲಿ. ಅದಕ್ಕೇ ಕಾದು ಕೂತರೆ ಬೆಳಗು ಕಳೆದುಹೋಗುತ್ತದೆ. ಕೈಯಲ್ಲಿ ಚಿಲ್ಲರೆ ಇರಲಿ. ಹತ್ತುವಾಗ ಕಂಡಕ್ಟರಿಗೆ ಬೀಚಿನ ಹೆಸರು ಹೇಳಿ ಸುಮ್ಮನಾಗಬೇಡಿ. "ಬೀಚಿಗೆ ಹತ್ತಿರದ ಸ್ಟಾಪಿನಲ್ಲಿ ಇಳಿಸಿ" ಎಂದು ಕೇಳಿ. ಇಲ್ಲಿನ ಬಸ್ಸು ಸ್ಟಾಪಿನಲ್ಲಿ ಅರೆಕ್ಷಣ ನಿಂತು ಹೊರಟುಬಿಡುತ್ತದೆ ಮಾರಾಯ್ರೆ, ಮೊದಲೇ ಬಾಗಿಲ ಹತ್ತಿರ ಬಂದಿರಬೇಕು.

ತಣ್ಣೀರುಬಾವಿ: ದೋಣಿ ದಾಟಿ ಹೋಗುವ ಬೀಚು

ನನ್ನ ಮಟ್ಟಿಗೆ ಬಸ್ಸಿನವರಿಗೆ ಇದೇ ಮೊದಲ ಆಯ್ಕೆ. ಕಾರಿನವರು ಕೂಳೂರು, ಪಣಂಬೂರು ಸುತ್ತಿ ಕೈಗಾರಿಕೆಗಳ ದಾರಿಯಲ್ಲಿ ಲಾರಿಗಳ ನಡುವೆ ಬರಬೇಕು. ನಾವು ಸ್ಟೇಟ್‌ಬ್ಯಾಂಕಿನಿಂದ ಸುಲ್ತಾನ್ ಬತ್ತೇರಿ ಬಸ್ ಹತ್ತಿ ಕೊನೆಯ ಸ್ಟಾಪಿನಲ್ಲಿ ಇಳಿದರೆ ಎದುರಿಗೇ ಫಲ್ಗುಣಿ. ಗುರುಪುರ ನದಿ ಅಂತಲೂ ಕರೆಯುತ್ತಾರೆ. ಅಲ್ಲಿಂದ ದೋಣಿಯಲ್ಲಿ ಕೆಲವೇ ನಿಮಿಷ. ಆಚೆ ದಡದಿಂದ ಸ್ವಲ್ಪ ನಡೆದರೆ ಕಡಲು.

ಅವಸರವಿಲ್ಲದಿದ್ದರೆ ದೋಣಿ ಹತ್ತುವ ಮೊದಲು ಬತ್ತೇರಿಯನ್ನು ನೋಡಿ. ಹಡಗುಗಳು ಹೊಳೆಯೊಳಗೆ ನುಗ್ಗದಂತೆ ಕಾಯಲು ಟಿಪ್ಪು ಸುಲ್ತಾನ್ 1784ರಲ್ಲಿ ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಕಾವಲು ಗೋಪುರ ಅದು. ಗೋಡೆಯಲ್ಲಿ ಫಿರಂಗಿಗೆಂದು ಬಿಟ್ಟ ಕಿಂಡಿಗಳಿವೆ. ಚಿಕ್ಕದು, ನೋಡಲು ಕಾಲು ಗಂಟೆ ಸಾಕು. ಮೇಲೆ ನಿಂತರೆ ನೀವು ದಾಟಬೇಕಾದ ಹೊಳೆ ಪೂರ್ತಿ ಕಾಣುತ್ತದೆ.

ತಣ್ಣೀರುಬಾವಿಯ ದೊಡ್ಡ ಲಾಭ ನೆರಳು. ದಡದುದ್ದಕ್ಕೂ ಗಾಳಿಮರಗಳಿವೆ. ಪಕ್ಕದಲ್ಲೇ ಅರಣ್ಯ ಇಲಾಖೆಯ ಟ್ರೀ ಪಾರ್ಕ್ ಇದೆ. ಬಿಸಿಲೇರಿದ ಮೇಲೂ ಕೂರಲು ಆಗುವ ಬೀಚು ಈ ಊರಿನಲ್ಲಿ ಬೇರೆ ಯಾವುದೂ ನನಗೆ ಹೊಳೆಯುವುದಿಲ್ಲ. ವಯಸ್ಸಾದವರು ಮರದ ಕೆಳಗೆ ಕೂರಬಹುದು, ಮಕ್ಕಳು ಪಾರ್ಕಿನಲ್ಲಿ ಆಡಬಹುದು.

ಆದರೆ ಎಲ್ಲವೂ ನಿಂತಿರುವುದು ದೋಣಿಯ ಮೇಲೆ. ಅದು ಬಸ್ಸಿನಂತೆ ರಾತ್ರಿವರೆಗೆ ಓಡುವುದಿಲ್ಲ. ದಾಟುವಾಗಲೇ ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ದೋಣಿಯವರನ್ನೇ ಕೇಳಿ. ಸೂರ್ಯಾಸ್ತ ನೋಡಿಯೇ ಹೊರಡುತ್ತೇನೆ ಅನ್ನುವವರಿಗೆ ಇದು ನಿಜವಾದ ತೊಡಕು. ನವೆಂಬರಿನಲ್ಲಿ ಆರು ಗಂಟೆಯ ಹೊತ್ತಿಗೇ ಸೂರ್ಯ ಮುಳುಗುತ್ತಾನೆ, ಅಷ್ಟು ಕಷ್ಟವಿಲ್ಲ. ಮೇ ತಿಂಗಳಲ್ಲಿ ಏಳರ ಹತ್ತಿರ ಹೋಗುತ್ತದೆ. ಆಗ ದೋಣಿ ತಪ್ಪಿದರೆ ಆಟೋದಲ್ಲಿ ಪಣಂಬೂರು ಕಡೆಯ ಹೆದ್ದಾರಿಗೆ ಹೋಗಿ ಬಸ್ ಹಿಡಿಯಬೇಕು. ನಾಲ್ಕು ಜನ ಇದ್ದರೆ ಆಟೋ ಬಾಡಿಗೆ ಹಂಚಿಕೊಳ್ಳಬಹುದು. ಒಬ್ಬರೇ ಇದ್ದರೆ ಬೆಳಿಗ್ಗೆ ಹೋಗಿ.

ಇನ್ನೊಂದು ಮಾತು. ಇತ್ತೀಚಿನ ವರ್ಷಗಳಲ್ಲಿ ತಣ್ಣೀರುಬಾವಿಗೂ ಜನ ಬರುತ್ತಿದ್ದಾರೆ. ಭಾನುವಾರ ಸಂಜೆ ಅದು ಪಣಂಬೂರಿನ ತಮ್ಮನೇ.

ಸುರತ್ಕಲ್ ಮತ್ತು ದಾರಿಯಲ್ಲಿ ಸಿಗುವ ಸಣ್ಣ ಬೀಚುಗಳು

ವಾಪಸ್ ಬಸ್ಸಿನ ಚಿಂತೆಯೇ ಬೇಡ ಅನ್ನುವವರಿಗೆ ಉತ್ತರ ದಿಕ್ಕು. ರಾಷ್ಟ್ರೀಯ ಹೆದ್ದಾರಿ 66 ಇಲ್ಲಿ ಕಡಲಿಗೆ ಅಂಟಿಕೊಂಡೇ ಹೋಗುತ್ತದೆ. ಸುರತ್ಕಲ್ ಸಿಟಿ ಬಸ್ಸುಗಳಂತೂ ಸರಿ, ಮೂಲ್ಕಿ, ಕಿನ್ನಿಗೋಳಿ, ಉಡುಪಿ ಕಡೆಯ ಸರ್ವಿಸ್ ಬಸ್ಸುಗಳೂ ಇದೇ ದಾರಿ. ಸಿಟಿ ಬಸ್ ತಪ್ಪಿದರೆ ಸರ್ವಿಸ್ ಬಸ್ ಸಿಗುತ್ತದೆ. ಕತ್ತಲಾದ ಮೇಲೆ ಒಬ್ಬಳೇ ಬಸ್ಸಿಗೆ ಕಾಯಬೇಕಾದ ಹುಡುಗಿಗೆ ನಾನು ಹೇಳುವುದು ಇದೇ ದಾರಿ. ದೀಪ ಇರುತ್ತದೆ, ಅಂಗಡಿ ಇರುತ್ತದೆ, ಸ್ಟಾಪಿನಲ್ಲಿ ಬೇರೆ ಜನವೂ ಇರುತ್ತಾರೆ.

ಸುರತ್ಕಲ್ ಪೇಟೆಯಲ್ಲಿ ಇಳಿದು ಕಡಲ ಕಡೆ ನಡೆದರೆ ಬಂಡೆಗಳ ಮೇಲೆ ಸದಾಶಿವ ದೇವಸ್ಥಾನ, ಹತ್ತಿರದಲ್ಲೇ 1972ರಲ್ಲಿ ಕಟ್ಟಿದ ದೀಪಸ್ತಂಭ. ಮುಂದಿನ ಸ್ಟಾಪು ಎನ್‌ಐಟಿಕೆ. 1960ರಲ್ಲಿ ಕೆಆರ್‌ಇಸಿ ಎಂಬ ಹೆಸರಿನಲ್ಲಿ ಶುರುವಾದ ಎಂಜಿನಿಯರಿಂಗ್ ಕಾಲೇಜು, ಹಳಬರ ಬಾಯಲ್ಲಿ ಇಂದಿಗೂ ಕೆಆರ್‌ಇಸಿಯೇ. ಹೆದ್ದಾರಿಯಿಂದ ಪಶ್ಚಿಮಕ್ಕೆ ಸ್ವಲ್ಪ ನಡೆದರೆ ಬೀಚು. ಸಂಜೆ ವಿದ್ಯಾರ್ಥಿಗಳ ಗುಂಪುಗಳು ಬರುತ್ತವೆ. ಆದರೆ ದಡ ಉದ್ದ ಇದೆ, ಹತ್ತು ನಿಮಿಷ ನಡೆದರೆ ನಿಮ್ಮ ಪಾಡಿಗೆ ನೀವು.

ಹೆಸರಿಗೆ ತಲೆ ಕೆಡಿಸಿಕೊಳ್ಳದಿದ್ದರೆ ಸುರತ್ಕಲ್‌ವರೆಗೂ ಹೋಗಬೇಕಿಲ್ಲ. ಪಣಂಬೂರು ದಾಟಿದ ಮೇಲೆ ಕುಳಾಯಿ, ಹೊಸಬೆಟ್ಟು ಬರುತ್ತವೆ. ಚಿತ್ರಾಪುರ, ಹೊಸಬೆಟ್ಟು, ಇಡ್ಯಾ, ಇವೆಲ್ಲ ಊರಿನವರ ಬೀಚುಗಳು. ಹೆದ್ದಾರಿಯಲ್ಲಿ ಇಳಿದು ಮನೆ, ತೆಂಗಿನ ತೋಟಗಳ ನಡುವಿನ ಓಣಿಯಲ್ಲಿ ನಡೆದು ಹೋಗಬೇಕು. ಗೂಡಂಗಡಿ ಇರಬಹುದು, ಇಲ್ಲದಿರಬಹುದು. ನೆರಳು ಕಡಿಮೆ. ಟಾಯ್ಲೆಟ್ಟಿನ ನಿರೀಕ್ಷೆ ಬೇಡ. ಕೆಲವು ಕಡೆ ಕಡಲ್ಕೊರೆತ ತಡೆಯಲು ಕಲ್ಲು ಹಾಕಿದ್ದಾರೆ, ನಡೆಯುವ ಮರಳು ಸಣ್ಣ ಪಟ್ಟಿಯಷ್ಟೇ. ಅಷ್ಟಿದ್ದರೂ ಸಂಜೆ ಐದೂವರೆಗೆ ಜನ ಇಲ್ಲದ ಕಡಲು ಬೇಕು ಅಂದರೆ ಬಸ್ಸಿನಲ್ಲಿ ಸಿಗುವುದು ಇಲ್ಲೇ. ಇಬ್ಬರು ಗೆಳೆಯರು ಮಾತಾಡುತ್ತಾ ನಡೆಯಲು ಅಗ್ಗದ ಜಾಗ.

ಸೋಮೇಶ್ವರ: ನೋಟ ದೊಡ್ಡದು, ಕಡಲು ಒರಟು

ದಕ್ಷಿಣಕ್ಕೆ ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟು, ಅಲ್ಲಿಂದ ಸೋಮೇಶ್ವರ. ಸೇತುವೆ ಮೇಲೆ ಬಸ್ ಹೋಗುವಾಗ ಬಲಗಡೆ ಕಿಟಕಿ ಸಿಕ್ಕರೆ ಬಿಡಬೇಡಿ, ಹೊಳೆ ಕಡಲಿನ ಕಡೆಗೆ ಅಗಲವಾಗುತ್ತಾ ಹೋಗುವುದು ಕಾಣುತ್ತದೆ. ಸಿಟಿ ಬಸ್ಸುಗಳಿವೆ. ಉಳ್ಳಾಲ ರೈಲು ನಿಲ್ದಾಣವೂ ಹತ್ತಿರ. ಮಂಗಳೂರು ಸೆಂಟ್ರಲ್‌ನಿಂದ ಕೇರಳದ ಕಡೆ ಹೋಗುವ ಪ್ಯಾಸೆಂಜರ್ ರೈಲಿನ ಸಮಯ ಹೊಂದಿದರೆ ಅದೂ ಒಂದು ದಾರಿ.

ಇಲ್ಲಿ ದಡಕ್ಕಿಂತ ಎತ್ತರದಲ್ಲಿ ಸೋಮನಾಥ ದೇವಸ್ಥಾನ, ಕೆಳಗೆ ರುದ್ರಶಿಲೆ ಎಂದು ಕರೆಯುವ ದೊಡ್ಡ ಬಂಡೆಗಳು. ಮೇಲೆ ಕೂತು ಅಲೆ ಒಡೆಯುವುದನ್ನು ನೋಡಲು ಮಂಗಳೂರಿನ ಸುತ್ತ ಇದಕ್ಕೆ ಸಾಟಿಯಿಲ್ಲ. ಆದರೆ ನೀರಿಗೆ ಇಳಿಯಲೇಬಾರದು. ಸೆಳೆತ ಜೋರು, ಬಂಡೆಗಳು ಜಾರುತ್ತವೆ. ಇಲ್ಲಿ ಜೀವ ಹೋದ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಸೆಲ್ಫಿಗೆಂದು ಬಂಡೆ ಹತ್ತುವ ಗೆಳೆಯರಿದ್ದರೆ ಅವರನ್ನು ಬೇರೆ ಕಡೆ ಕರೆದುಕೊಂಡು ಹೋಗಿ.

ಓಡಾಡುವ ಸಣ್ಣ ಮಕ್ಕಳಿದ್ದರೆ ಸೋಮೇಶ್ವರ ಬೇಡ. ಅಪ್ಪ ಅಮ್ಮನ ಜೊತೆ ದೇವಸ್ಥಾನ ಮುಗಿಸಿ ಒಂದು ಗಂಟೆ ಕೂತು ಬರಲು ಚೆನ್ನಾಗಿದೆ. ವಾಪಸ್ ಬಸ್ ಸುರತ್ಕಲ್ ದಾರಿಯಷ್ಟು ಸಲೀಸಲ್ಲ. ನೇರ ಬಸ್ ಸಿಗದಿದ್ದರೆ ತೊಕ್ಕೊಟ್ಟಿಗೆ ಬಂದುಬಿಡಿ. ಅಲ್ಲಿ ತಲಪಾಡಿ, ಕೊಣಾಜೆ, ಉಳ್ಳಾಲದಿಂದ ಬರುವ ಬಸ್ಸುಗಳೆಲ್ಲ ಸೇರುತ್ತವೆ.

ಬೆಂಗ್ರೆ: ಪ್ರವಾಸಿಗರಿಗಲ್ಲ, ಆದರೂ

ಬಂದರಿನ ದಕ್ಕೆಯಿಂದ, ಅಂದರೆ ದೋಣಿ ನಿಲ್ಲುವ ಕಟ್ಟೆಯಿಂದ, ಬೆಂಗ್ರೆಗೆ ಫೆರಿ ಓಡುತ್ತದೆ. ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು, ನಡುವೆ ಉದ್ದಕ್ಕೆ ಚಾಚಿದ ನೆಲ. ಅದರ ದಕ್ಷಿಣ ತುದಿಯಲ್ಲಿ ಅಳಿವೆಬಾಗಿಲು, ನೇತ್ರಾವತಿ ಮತ್ತು ಫಲ್ಗುಣಿ ಕಡಲು ಸೇರುವ ಜಾಗ. ಸ್ಟೇಟ್‌ಬ್ಯಾಂಕಿನಿಂದ ಬಂದರಿಗೆ ನಡೆದೇ ಹೋಗಬಹುದು, ಬಸ್ಸೂ ಬೇಡ. ಕಡಲ ಕಡೆಯ ಜಾಗಗಳಲ್ಲಿ ಅತಿ ಕಡಿಮೆ ಖರ್ಚಿನದು ಇದೇ.

ಆದರೆ ಇದು ಮೀನುಗಾರರ ಊರು. ಫೆರಿಯಲ್ಲಿ ಇರುವವರು ಕೆಲಸಕ್ಕೆ, ಶಾಲೆಗೆ, ಮಾರ್ಕೆಟ್ಟಿಗೆ ಹೋಗಿ ಬರುವವರು. ಅವರ ಮನೆ ಮುಂದೆ ಕ್ಯಾಮೆರಾ ಹಿಡಿದು ತಿರುಗುವುದು ಸರಿಯಲ್ಲ ಅಲ್ವಾ? ಹಕ್ಕಿ ನೋಡುವವರಿಗೆ, ಸುಮ್ನೆ ನಡೆಯುವವರಿಗೆ ಹೇಳಿದ ಜಾಗ. ದಕ್ಕೆಯ ಮೇಲೆ ಗರುಡಗಳು ಸುತ್ತುತ್ತಲೇ ಇರುತ್ತವೆ, ಚಳಿಗಾಲದಲ್ಲಿ ಕಡಲಕ್ಕಿಗಳೂ ಬರುತ್ತವೆ. ಸಂಸಾರ ಸಮೇತ ಪಿಕ್‌ನಿಕ್ಕಿಗೆ ಬರುವವರು ತಣ್ಣೀರುಬಾವಿಗೇ ಹೋಗಿ.

ಸಸಿಹಿತ್ಲು: ದೂರ, ಆದರೆ ಬೇರೆಯೇ ಲೋಕ

ಶಾಂಭವಿ, ನಂದಿನಿ ಹೊಳೆಗಳು ಕಡಲು ಸೇರುವ ಕಡೆ ಸಸಿಹಿತ್ಲು. 2016ರಲ್ಲಿ ಇಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆದ ಮೇಲೆ ಹೆಸರು ಹೊರಗೆ ಹೋಯಿತು. ಹಾಗಿದ್ದೂ ವಾರದ ದಿನ ನಿಜಕ್ಕೂ ಖಾಲಿ. ತೊಂದರೆ ಇರುವುದು ಕೊನೆಯ ಕೆಲವು ಕಿಲೋಮೀಟರ್. ಹಳೆಯಂಗಡಿವರೆಗೆ ಬಸ್ಸುಗಳಿಗೆ ಬರವಿಲ್ಲ, ಅಲ್ಲಿಂದ ಒಳಗೆ ಬಸ್ ಅಪರೂಪ. ಆಟೋದಲ್ಲೇ ಹೋಗಬೇಕು, ಬರಲು ಅದೇ ಆಟೋದವರ ಫೋನ್ ನಂಬರ್ ಇಟ್ಟುಕೊಂಡಿರಬೇಕು. ಇಡೀ ದಿನ ಬಿಡುವಿದ್ದು ಮೂರ್ನಾಲ್ಕು ಜನ ಇದ್ದರೆ ಹೋಗಿ. ಅರ್ಧ ದಿನಕ್ಕೆ, ಒಬ್ಬರಿಗೆ, ಇದು ದುಬಾರಿ.

ಕಡಲು ಬೇಡ ಅನ್ನುವ ದಿನ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲಿನದೆಲ್ಲ ಮರೆತುಬಿಡಿ. ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟುಗಳೇ ಕಡಲಿಗೆ ಇಳಿಯುವುದಿಲ್ಲ, ನಿಷೇಧ ಇರುತ್ತದೆ. ಬೀಚುಗಳಲ್ಲಿ ನೀರಿನ ಹತ್ತಿರ ಹೋಗಲು ಬಿಡುವುದಿಲ್ಲ. ಹೊಳೆ ತುಂಬಿ ಹರಿಯುವಾಗ ದೋಣಿಯನ್ನು ನಂಬಿ ಹೊರಡುವುದೂ ತರವಲ್ಲ. ಆಗ ಉಳಿಯುವುದು ಗುಡ್ಡಗಳು.

ಕದ್ರಿಯನ್ನು ಎಷ್ಟೋ ಜನ ದೇವಸ್ಥಾನ ನೋಡಿ ಮುಗಿಸುತ್ತಾರೆ. ಕದ್ರಿ ಮಂಜುನಾಥನ ಗುಡಿಯಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದ ಮೇಲೆ ಆಳುಪ ದೊರೆ ಕುಂದವರ್ಮನ ಶಾಸನ ಇದೆ, ಕಾಲ ಕ್ರಿ.ಶ. 968. ಅದನ್ನು ನೋಡಿಯೇ ನೋಡಿ. ಆಮೇಲೆ ಹಿಂದಿನ ಮೆಟ್ಟಿಲು ಹತ್ತಿ. ಸಾಲಾಗಿ ಕೆರೆಗಳು, ಇನ್ನೂ ಮೇಲೆ ಪಾಂಡವರ ಗುಹೆ ಎಂದು ಕರೆಯುವ ಗುಹೆಗಳು, ಜೋಗಿ ಮಠ. ಪೇಟೆಯ ಹಾರ್ನ್ ಅಲ್ಲಿಗೆ ಕೇಳುವುದು ಕಡಿಮೆ. ಮಳೆಗಾಲದಲ್ಲಿ ಮೆಟ್ಟಿಲಲ್ಲಿ ಪಾಚಿ ಇರುತ್ತದೆ, ಮಂಡಿ ನೋವಿನವರು ಕೆಳಗಿನ ಪ್ರಾಂಗಣದಲ್ಲೇ ಕೂರುವುದು ಒಳ್ಳೆಯದು. ಮೇಲಿನಿಂದ ಕದ್ರಿ ಪಾರ್ಕ್ ಕಡೆಗೆ ನಡೆದು ಅಲ್ಲಿಂದ ಬಸ್ ಹಿಡಿಯಬಹುದು. ಇದು ಊರಿನ ಮಧ್ಯವೇ ಆದ್ದರಿಂದ ವಾಪಸ್ ಬಸ್ಸಿನ ಪ್ರಶ್ನೆಯೇ ಇಲ್ಲ. ಎರಡು ಗಂಟೆ ಮಾತ್ರ ಬಿಡುವಿರುವವರಿಗೆ ನನ್ನ ಉತ್ತರ ಕದ್ರಿ.

ಒಂದೇ ಗಂಟೆ ಇದ್ದರೆ ಬಾವುಟಗುಡ್ಡೆ. ಹಂಪನಕಟ್ಟೆಯಿಂದ ಏರು ಹತ್ತಿದರೆ ಆಯಿತು. 1837ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಅಮರ ಸುಳ್ಯ ದಂಗೆಯವರು ಬಾವುಟ ಹಾರಿಸಿದ ಗುಡ್ಡ ಇದು. ಹಳೆಯ ದೀಪಸ್ತಂಭ, ಟಾಗೋರ್ ಪಾರ್ಕ್, ದೂರದಲ್ಲಿ ಕಡಲಿನ ಗೆರೆ. ಮೌನ ಅಷ್ಟಕ್ಕಷ್ಟೆ.

ಪಿಲಿಕುಳದ ಲೆಕ್ಕ ಬೇರೆ. ಕೆರೆ, ಪ್ರಾಣಿ ಸಂಗ್ರಹಾಲಯ, ಪಶ್ಚಿಮ ಘಟ್ಟದ ಮರಗಳ ಸಸ್ಯವನ, ಗುತ್ತಿನ ಮನೆ (ತುಳುನಾಡಿನ ಹಳೆಯ ಜಮೀನ್ದಾರರ ಮನೆ), ಕುಶಲಕರ್ಮಿಗಳ ಹಳ್ಳಿ, ವಿಜ್ಞಾನ ಕೇಂದ್ರ, ತಾರಾಲಯ, ಎಲ್ಲವೂ ಒಂದೇ ಕಡೆ ಇವೆ. ಒಂದೊಂದಕ್ಕೂ ಬೇರೆ ಟಿಕೆಟ್, ಒಂದರಿಂದ ಇನ್ನೊಂದಕ್ಕೆ ನಡಿಗೆ. ನಾಲ್ಕು ಜನರ ಸಂಸಾರ ಎಲ್ಲ ನೋಡಲು ಹೊರಟರೆ ಬಸ್ಸಿನಲ್ಲಿ ಉಳಿಸಿದ ದುಡ್ಡು ಗೇಟಿನಲ್ಲಿ ಹೋಗುತ್ತದೆ. ಗದ್ದಲ ಬೇಡದವರು ಪ್ರಾಣಿಗಳನ್ನು ಬಿಟ್ಟು ಸಸ್ಯವನ ಮತ್ತು ಕೆರೆಯ ಕಡೆ ಹೋಗಿ. ಶಾಲಾ ಮಕ್ಕಳ ಬಸ್ಸುಗಳು ನಿಲ್ಲುವುದು ಹೆಚ್ಚಾಗಿ ಪ್ರಾಣಿ ಸಂಗ್ರಹಾಲಯದ ಮುಂದೆ, ಅದೂ ಡಿಸೆಂಬರ್, ಜನವರಿಯ ಪ್ರವಾಸದ ಕಾಲದಲ್ಲಿ ಜೋರು. ಮೂಡುಶೆಡ್ಡೆ ಕಡೆಯ ಸಿಟಿ ಬಸ್ ಸಿಕ್ಕರೆ ಸಲೀಸು. ಸಿಗದಿದ್ದರೆ ಮೂಡಬಿದ್ರೆ, ಕಾರ್ಕಳ ಬಸ್ ಹತ್ತಿ ವಾಮಂಜೂರಿನಲ್ಲಿ ಇಳಿದು ಆಟೋ ಮಾಡಿ. ಸೋಮವಾರ ಪ್ರಾಣಿ ಸಂಗ್ರಹಾಲಯಕ್ಕೆ ರಜೆ. ಮಕ್ಕಳಿಗೆ ಹುಲಿ ತೋರಿಸುತ್ತೇನೆ ಅಂತ ಮಾತು ಕೊಟ್ಟಿದ್ದರೆ ಆ ದಿನ ಹೊರಡಬೇಡಿ.

ಎರಡನ್ನು ಸೇರಿಸುವವರಿಗೆ

ಪೂರ್ತಿ ದಿನ ಇದ್ದರೆ ಎರಡು ಜಾಗ ಜೋಡಿಸಬಹುದು. ಬೆಳಿಗ್ಗೆ ದೋಣಿ ದಾಟಿ ತಣ್ಣೀರುಬಾವಿ, ಮಧ್ಯಾಹ್ನ ಊಟಕ್ಕೆ ಪೇಟೆ, ಸಂಜೆ ಕದ್ರಿ. ಇದು ವಯಸ್ಸಾದವರಿಗೂ ಆಗುತ್ತದೆ. ಕಾಲಿನಲ್ಲಿ ಬಲ ಇದ್ದರೆ ಮಧ್ಯಾಹ್ನದ ನಂತರ ಚಿತ್ರಾಪುರದಲ್ಲಿ ಇಳಿದು ದಡದಲ್ಲೇ ಉತ್ತರಕ್ಕೆ ನಡೆಯಿರಿ, ಕಲ್ಲು ಅಡ್ಡ ಬಂದ ಕಡೆ ಓಣಿಯಿಂದ ಹೆದ್ದಾರಿಗೆ ಬನ್ನಿ, ಮತ್ತೆ ಬಸ್ ಹತ್ತಿ ಸುರತ್ಕಲ್ ದೀಪಸ್ತಂಭದ ಹತ್ತಿರ ಸೂರ್ಯಾಸ್ತ ನೋಡಿ. ಪಿಲಿಕುಳವನ್ನು ಮಾತ್ರ ಯಾವ ಬೀಚಿನ ಜೊತೆಗೂ ಸೇರಿಸಬೇಡಿ. ಅದು ಊರಿನ ಇನ್ನೊಂದು ತುದಿ. ಅಲ್ಲಿಂದ ನಾಲ್ಕೂವರೆಗೆ ಹೊರಟರೆ ಶಾಲೆ, ಆಫೀಸು ಬಿಟ್ಟ ಜನರ ಜೊತೆ ಬಸ್ಸಿನಲ್ಲಿ ನೇತಾಡಿಕೊಂಡು ಬರಬೇಕು. ಕಡಲು ಮುಟ್ಟುವ ಹೊತ್ತಿಗೆ ಕತ್ತಲಾಗಿರುತ್ತದೆ.